ಬಂದೂಕು ಮೊದಲೋ, ಮನೆ ಮೊದಲೋ?



ಗುಡ್ಡ ಏರಿ ಬಂದವರು ದೇವರ ಮುಂದೆ ಕೈ ಜೋಡಿಸಿ ಬೇಡುವುದು ಎರಡು ಥರ. ಒಂದು, ಇಲ್ಲದ್ದಕ್ಕೆ ಬೇಡುವುದು. ಮಳೆ, ಮಕ್ಕಳು, ಆರೋಗ್ಯ, ಮಗಳ ಮದುವೆ, ಸಾಲ ತೀರುವುದು ಇತ್ಯಾದಿ. ಇನ್ನೊಂದು, ಇದ್ದದ್ದರ ಮೇಲೆ ಇನ್ನಷ್ಟಕ್ಕೆ ಬೇಡುವುದು. ಮೊದಲನೆಯದರ ಬಗ್ಗೆ ಪುರಾಣ ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿದ್ದೀರಿ. ಎರಡನೆಯದರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಈ ಲೇಖನ.

ಕುಡಿಯಬೇಡ, ಜೂಜಾಡಬೇಡ, ಕದಿಯಬೇಡ ಅಂತ ಹೇಳುವುದು ಸುಲಭ. ಅವು ಕೆಟ್ಟವು ಅನ್ನೋದು ಮಾಡುವವನಿಗೂ ಗೊತ್ತಿರುತ್ತದೆ. ಕಠಿಣ ಪ್ರಶ್ನೆ ಬೇರೆ ಇದೆ. ಒಬ್ಬ ಮನುಷ್ಯ ನ್ಯಾಯವಾಗಿ ದುಡಿದಿದ್ದಾನೆ. ದುಶ್ಚಟ ಇಲ್ಲ. ಯಾವುದೋ ಒಂದು ಚಂದದ ವಸ್ತುವಿನ ಮೇಲೆ ಅವನ ಮನಸ್ಸು ಹೋಗಿದೆ. ಅದನ್ನು ಕೊಂಡರೆ ತಪ್ಪೇನು? ವಸ್ತು ಕೆಟ್ಟದ್ದಲ್ಲ, ದುಡ್ಡು ಕೆಟ್ಟದ್ದಲ್ಲ, ಮನುಷ್ಯನೂ ಕೆಟ್ಟವನಲ್ಲ. ಹಾಗಾದರೆ ಧರ್ಮದ ಪ್ರಶ್ನೆ ಎಲ್ಲಿಂದ ಬಂತು?

ಹುಕ್ಕೇರಿ ತಾಲೂಕಿನ ಒಬ್ಬ ಭಕ್ತರು ಒಮ್ಮೆ ಇಂಥದೇ ಪ್ರಶ್ನೆ ಹೊತ್ತುಕೊಂಡು ಗುಡ್ಡಕ್ಕೆ ಬಂದಿದ್ದರು. ನಾಲ್ಕು ಎಕರೆ ಕಬ್ಬಿನ ರೈತ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಜಮಾ ಆದ ಹೊತ್ತು. ಅವರ ಪರಿಚಯದ ಹಳೇ ಮನೆತನವೊಂದರಲ್ಲಿ ಬ್ರಿಟಿಷರ ಕಾಲದ ಒಂದು ರೈಫಲ್ ಮಾರಾಟಕ್ಕಿತ್ತು. ಅಜ್ಜನ ಕಾಲದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು, ಮರದ ಹಿಡಿಕೆಯ ಮೇಲೆ ಕೆತ್ತನೆ. ಮೂರು ಲಕ್ಷ ಹೇಳಿದ್ದರು. ಮನೆಯಲ್ಲಿ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗಳ ನರ್ಸಿಂಗ್ ಕಾಲೇಜಿನ ಫೀ ತುಂಬುವುದಿತ್ತು. ಸೊಸಾಯಿಟಿಯ ಸಾಲದ ಕಂತೂ ಇತ್ತು. ಅವರು ಕಾರ್ಯಾಲಯಕ್ಕೆ ಬಂದು, "ಸಾಹೇಬ್ರ, ಹೂವಿನ ಪ್ರಸಾದ ಕೇಳಬೇಕಾಗೇತ್ರಿ. ಬಲಕ್ಕ ಬಿದ್ರ ತಗೋತೀನಿ, ಎಡಕ್ಕ ಬಿದ್ರ ಬಿಡ್ತೀನಿ" ಅಂದರು. ಏನು ವಿಷಯ ಅಂತ ಕೇಳಿದಾಗ ಇಷ್ಟೆಲ್ಲಾ ಹೇಳಿದರು. ಹೇಳುವಾಗ ತಾಯಿಯ ಕಣ್ಣಿನ ಮಾತು ಒಂದೇ ವಾಕ್ಯದಲ್ಲಿ ಮುಗಿಯಿತು. ರೈಫಲ್ಲಿನ ವರ್ಣನೆ ಅರ್ಧ ತಾಸು ನಡೆಯಿತು.

ಇದನ್ನು ಕೇಳಿ ನಗಬಾರದು. ನಮ್ಮ ಸೀಮೆಯವರಿಗೆ ಆಯುಧದ ಮೇಲೆ ಪ್ರೀತಿ ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಇತಿಹಾಸ ನೋಡಬೇಕು. 1824ರಲ್ಲಿ ಕಿತ್ತೂರ ಚೆನ್ನಮ್ಮನವರ ಸೈನ್ಯದ ಮುಂದೆ ಥ್ಯಾಕರೆ ಬಿದ್ದದ್ದು ಈ ಜಿಲ್ಲೆಯ ನೆಲದಲ್ಲಿ. 1831ರಲ್ಲಿ ಸಂಗೊಳ್ಳಿ ರಾಯಣ್ಣನವರನ್ನು ಗಲ್ಲಿಗೇರಿಸಿದ ನಂದಗಡವೂ ಇದೇ ಜಿಲ್ಲೆಯದು. ಸಂಕೇಶ್ವರದ ಹತ್ತಿರ ವಲ್ಲಭಗಡದ ಕೋಟೆ ಇದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಮಹಾನವಮಿಗೆ ಖಂಡೇ ಪೂಜೆ ಮಾಡದ ಮನೆ ನಮ್ಮಲ್ಲಿ ಇಲ್ಲ. ಕತ್ತಿ ಇಲ್ಲದವರು ಕುಡಗೋಲು, ಕೊಡಲಿ, ರಂಟಿ ಇಟ್ಟು ಪೂಜಿಸುತ್ತಾರೆ. ದೇವಾನುದೇವತೆಗಳ ಕೈಯಲ್ಲೇ ತ್ರಿಶೂಲ, ಚಕ್ರ, ಖಡ್ಗ ಇರುವಾಗ ಆಯುಧ ಕಂಡು ಮನಸ್ಸು ಅರಳಿದರೆ ಅದೇನೂ ಪಾಪವಲ್ಲ.

ಇದಕ್ಕಿಂತ ಹತ್ತಿರದ ದೃಷ್ಟಾಂತ ಹಲಗಲಿಯದು. ಮುಧೋಳ ತಾಲೂಕಿನ ಹಲಗಲಿ ಇಲ್ಲಿಂದ ದೂರವೇನಲ್ಲ. 1857ರಲ್ಲಿ ಇಂಗ್ಲಿಷ್ ಸರಕಾರ ಹತಾರಗಳನ್ನೆಲ್ಲ ಒಪ್ಪಿಸಬೇಕು, ಇಲ್ಲವಾದರೆ ಪರವಾನಗಿ ಮಾಡಿಸಬೇಕು ಅಂತ ಕಾಯ್ದೆ ತಂದಾಗ ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಇಂದಿಗೂ ಹಾಡುತ್ತಾರೆ. ಒಂದು ಹತಾರಕ್ಕಾಗಿ ಜೀವ ಕೊಟ್ಟವರ ಸೀಮೆಯಲ್ಲಿ ಹುಟ್ಟಿದವನಿಗೆ ಹಳೇ ರೈಫಲ್ ಕಂಡರೆ ಕೈ ತುರಿಸುವುದು ಸಹಜವೇ.

ಆದರೆ ಇಲ್ಲೇ ನಿಂತು ವಿಚಾರ ಮಾಡಬೇಕು. ಹಲಗಲಿಯವರು ಯಾವುದಕ್ಕೆ ಪ್ರಾಣ ಕೊಟ್ಟರು? ಗೋಡೆಗೆ ತೂಗುಹಾಕುವ ಅಲಂಕಾರಕ್ಕಲ್ಲ. ಬೇಟೆ ಅವರ ಹೊಟ್ಟೆ, ಕಾವಲು ಅವರ ಉದ್ಯೋಗ. ಹತಾರ ಹೋದರೆ ಅನ್ನ ಹೋಗುತ್ತಿತ್ತು, ಮಾನ ಹೋಗುತ್ತಿತ್ತು. ಅಂದರೆ ಮನೆಯನ್ನು ಉಳಿಸಲಿಕ್ಕೆ ಅವರು ಹತಾರ ಹಿಡಿದರು. ಮನೆಯ ಅನ್ನ, ಔಷಧ, ವಿದ್ಯೆ ಕಡಿಮೆ ಮಾಡಿ ಹತಾರ ಕೊಳ್ಳುವವನು ಅವರ ಹೆಸರು ಹೇಳಿದರೂ ನಡೆಯುವುದು ಅವರ ವಿರುದ್ಧ ದಾರಿಯಲ್ಲೇ. ವಸ್ತು ಒಂದೇ ಇರಬಹುದು. ಅದು ಮನೆಗಾಗಿ ಬಂತೋ, ಮನೆಯಿಂದ ಕಿತ್ತುಕೊಂಡು ಬಂತೋ ಅನ್ನೋದರ ಮೇಲೆ ಧರ್ಮ ಅಧರ್ಮ ನಿಲ್ಲುತ್ತದೆ.

ಕೊಡಗಿನ ಸಂಗತಿ ಇನ್ನೂ ಸ್ಪಷ್ಟ. ಅಲ್ಲಿ ಕೋವಿ ಮನೆತನದ ಆಚಾರ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಅವರಿಗೆ ಕಾಯ್ದೆಯಲ್ಲೂ ವಿನಾಯತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಅಲ್ಲಿ ಕೋವಿ ಇಡೀ ಮನೆಯದು, ಒಬ್ಬನ ಖಯಾಲಿ ಅಲ್ಲ. ನಮ್ಮ ಭಕ್ತರ ವಿಷಯದಲ್ಲಿ ಆ ರೈಫಲ್ ಬೇಕಾಗಿದ್ದು ಮನೆಯಲ್ಲಿ ಒಬ್ಬರಿಗೆ ಮಾತ್ರ.

ಇನ್ನು ಇಂದಿನ ಸ್ಥಿತಿ ನೋಡೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಹೊಲಕ್ಕೆ ಕಾಡುಹಂದಿ ಬಂದರೂ ಅಪ್ಪಣೆ ಇಲ್ಲದೆ ಹೊಡೆಯುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಗೆ, ವಿಚಾರಣೆ ಪೊಲೀಸ್ ಠಾಣೆಯಿಂದ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರರ ತನಕ ನಡೆಯುತ್ತಿತ್ತು. ಪರವಾನಗಿಯ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷವಾಗಿದೆ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಗ್ರಾಮ ಪಂಚಾಯತಿಯಿಂದ ಲೋಕಸಭೆಯ ತನಕ ನಮ್ಮಲ್ಲಿ ಚುನಾವಣೆಗಳಿಗೆ ಕಡಿಮೆಯೇ? ಮೂರು ಲಕ್ಷದ ವಸ್ತು ಮನೆಯಲ್ಲಿ ಎಷ್ಟು ದಿನ, ಠಾಣೆಯಲ್ಲಿ ಎಷ್ಟು ದಿನ ಅಂತ ಲೆಕ್ಕ ಹಾಕಿರಿ.

ಬೆಲೆ ಇಷ್ಟು ಯಾಕೆ ಅನ್ನೋದಕ್ಕೂ ಕಾರಣ ಉಂಟು. 1980ರ ದಶಕದಲ್ಲಿ ಸಾಮಾನ್ಯ ಜನರಿಗಾಗಿ ಹೊರದೇಶದ ಬಂದೂಕು ತರಿಸುವುದು ನಿಂತಿತು. ದೇಶದೊಳಗೆ ಉಳಿದ ಹಳೇ ವಿಲಾಯತಿ ಬಂದೂಕುಗಳು ಅಷ್ಟೇ. ಇದ್ದದ್ದು ಕಡಿಮೆ, ಬೇಡುವವರು ಹೆಚ್ಚು, ಆದ್ದರಿಂದ ದರ ಲಕ್ಷಕ್ಕೆ ಏರಿತು. ಬಂದೂಕಿನ ಉಪಯೋಗ ಹೆಚ್ಚಾಗಲಿಲ್ಲ, ಸಿಗುವುದು ಮಾತ್ರ ಕಡಿಮೆಯಾಯಿತು. ನಾವು ಬೆಲೆ ಕೊಡುವುದು "ಬೇರೆಯವರ ಹತ್ತಿರ ಇಲ್ಲ" ಅನ್ನೋ ಮಾತಿಗೆ.

ಮೂರು ಲಕ್ಷ ಅಂದರೆ ಎಷ್ಟು? ನಮ್ಮ ರೈತರ ಲೆಕ್ಕದಲ್ಲೇ ಹೇಳೋಣ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲು ರಾತ್ರಿ ಕೂತರು. ಕೊನೆಗೆ ಸರಕಾರ 3,300 ರೂಪಾಯಿ ಅಂತ ಹೇಳಿತು. ಒಂದೊಂದು ನೂರು ರೂಪಾಯಿಗೆ ಅಷ್ಟು ಜನ ರಸ್ತೆಯಲ್ಲಿ ಕೂರಬೇಕಾಯಿತು. ಆ ದರದಲ್ಲಿ ಮೂರು ಲಕ್ಷಕ್ಕೆ 91 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಹಿಡಿದರೂ ಎರಡೂಕಾಲು ಎಕರೆಯ ಪೂರ್ತಿ ಬೆಳೆ. ಬೀಜ, ಗೊಬ್ಬರ, ಕಟಾವಿನ ಗ್ಯಾಂಗಿನ ಖರ್ಚು ಇನ್ನೂ ಕಳೆದಿಲ್ಲ. ನಾಲ್ಕು ಎಕರೆಯವನು ವರ್ಷದ ಅರ್ಧಕ್ಕಿಂತ ಹೆಚ್ಚು ಬೆವರನ್ನು ಒಂದು ಮೊಳೆಗೆ ತೂಗುಹಾಕಿದ ಹಾಗೆ.

ಇಷ್ಟು ಲೆಕ್ಕ ಗೊತ್ತಿದ್ದರೂ ಮನಸ್ಸು ಸುಮ್ಮನಿರುವುದಿಲ್ಲ. ಆಶೆ ಅನ್ನೋದು ಒಳ್ಳೇ ವಕೀಲ ಇದ್ದ ಹಾಗೆ. ಅದರ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೇ ವಾದ: "ಇಂಥಾದ್ದು ಮತ್ತ ಸಿಗೂದಿಲ್ಲ." ನಿಜ ಇರಬಹುದು. ಆದರೆ ಮತ್ತೆ ಸಿಗದಿರುವುದು ರೈಫಲ್ ಒಂದೇನಾ? ಮಗಳ ಪ್ರವೇಶದ ಕೊನೇ ತಾರೀಖು ದಾಟಿದರೆ ಆ ವರ್ಷ ಮತ್ತೆ ಸಿಗುವುದಿಲ್ಲ. ತಾಯಿಗೆ ಕಣ್ಣು ಕಾಣುವ ಉಳಿದ ವರ್ಷಗಳೂ ಮತ್ತೆ ಸಿಗುವುದಿಲ್ಲ. ಮಾರುವವನು ಅವಸರ ಮಾಡುತ್ತಾನೆ, ಅದಕ್ಕೇ ಅವನ ವಸ್ತು ಅಪರೂಪದ್ದಾಗಿ ಕಾಣುತ್ತದೆ. ತಾಯಿ ಅವಸರ ಮಾಡುವುದಿಲ್ಲ. "ನಂದೇನ್ ಬಿಡಪ್ಪಾ, ಮುಂದಿನ ವರ್ಷ ನೋಡೋಣು" ಅನ್ನುತ್ತಾಳೆ. ಗದ್ದಲ ಮಾಡುವುದಕ್ಕೆ ಮೊದಲು ದುಡ್ಡು ಕೊಟ್ಟು, ಸುಮ್ಮನಿದ್ದವರನ್ನು ಕಾಯಿಸುವುದು ನ್ಯಾಯವೇ? ಈ ಇಡೀ ಪ್ರಶ್ನೆಯ ಗಂಟು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಎರಡನೇ ವಾದ: "ಇದು ಖರ್ಚಲ್ಲ, ಗಳಿಕೆ. ಮುಂದ ದರ ಏರತೈತಿ." ಬಂಗಾರ ಇದ್ದರೆ ಮನೆಯಲ್ಲಿ ಯಾರಿಗಾದರೂ ಆಪತ್ತು ಬಂದಾಗ ಸೊಸಾಯಿಟಿಯಲ್ಲಿ ಅಡವಿಟ್ಟು ಅದೇ ದಿನ ದುಡ್ಡು ತರಬಹುದು. ಎಮ್ಮೆ ಇದ್ದರೆ ದಿನಾ ಹಾಲು ಕೊಡುತ್ತದೆ, ಬೇಡವಾದರೆ ಮೂಡಲಗಿಯ ದನದ ಸಂತೆಗೆ ಹೊಡೆದುಕೊಂಡು ಹೋದರೆ ಗಿರಾಕಿ ಸಿಗುತ್ತಾನೆ. ಬಂದೂಕು ಹಾಗಲ್ಲ. ಕೊಳ್ಳುವವನ ಹತ್ತಿರ ಪರವಾನಗಿ ಇರಬೇಕು, ಕಾಗದಪತ್ರ ಆಗಬೇಕು. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಉಪಯೋಗಕ್ಕೆ ಬಾರದ ಗಳಿಕೆಯನ್ನು ಸಂಸಾರಿ ಗಳಿಕೆ ಅಂತ ಕರೆಯಬಾರದು.

ಮೂರನೇ ವಾದ: "ನಾ ದುಡದಿದ್ದು, ನನ್ನ ಇಷ್ಟ." ಇದು ಎಲ್ಲಕ್ಕಿಂತ ಗಟ್ಟಿ ವಾದ, ಮತ್ತು ಅರ್ಧ ಸತ್ಯ. ಕಬ್ಬಿನ ಬಿಲ್ಲು ಯಜಮಾನನ ಖಾತೆಗೆ ಬರುತ್ತದೆ. ಆದರೆ ಕಸ ತೆಗೆದವಳು ಹೆಂಡತಿ. ಎಮ್ಮೆ ನೋಡಿಕೊಂಡು ಮನೆ ನಡೆಸಿದವಳು ತಾಯಿ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಬ್ಯಾಟರಿ ಹಿಡಿದು ಅಪ್ಪನ ಜೊತೆ ನೀರು ಕಟ್ಟಿದವರು ಮಕ್ಕಳು. ಪಾಸಬುಕ್ಕಿನಲ್ಲಿ ಒಂದೇ ಹೆಸರು ಇದ್ದರೂ ದುಡ್ಡಿನಲ್ಲಿ ಐದು ಜನರ ಪಾಲಿದೆ. ತನ್ನ ಪಾಲಿನಲ್ಲಿ ಇಷ್ಟ ಮಾಡುವುದಕ್ಕೂ ಎಲ್ಲರ ಪಾಲಿನಲ್ಲಿ ಇಷ್ಟ ಮಾಡುವುದಕ್ಕೂ ವ್ಯತ್ಯಾಸ ಇದೆ.

ನಾಲ್ಕನೇ ವಾದ: "ಮನಿಗೆ ಒಂದು ಗೌರವ ಬರ್ತೈತಿ." ಪಡಸಾಲೆಯಲ್ಲಿ ಬಂದೂಕು ನೋಡಿ ಬೀಗರು ಒಂದು ದಿನ ಹೊಗಳಿಯಾರು. ಅದೇ ಪಡಸಾಲೆಯಲ್ಲಿ ತಾಯಿ ಗೋಡೆ ಹಿಡಿದು ತಡವರಿಸುತ್ತಾ ಬಂದರೆ ಅದೇ ಬೀಗರು ಏನು ತಿಳಿದುಕೊಳ್ಳುತ್ತಾರೆ?

ಈಗ ಹಿಂದಿನವರ ಕಡೆ ಬರೋಣ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ತಾವೆಲ್ಲ ಕೇಳಿದ್ದೀರಿ. 12ನೇ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವರು ಅವರು. ಒಂದು ದಿನ ಮಾರಯ್ಯ ದಿನದಕ್ಕಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಆಯ್ದದ್ದೇ. ಆದರೂ ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಮ್ಮ ಅಳತೆಗಿಂತ ಹೆಚ್ಚು, ಹೋಗಿ ಅಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸಿದಳು.

ಈ ಕಥೆಯಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಹೆಚ್ಚಿನ ಅಕ್ಕಿ ಕೆಟ್ಟ ಅಕ್ಕಿ ಆಗಿರಲಿಲ್ಲ. ವಸ್ತು ಒಳ್ಳೆಯದಿದ್ದರೂ ಅಳತೆ ಮೀರಿದಾಗ ಬೇಡ ಅನ್ನುವ ಶಕ್ತಿ ಬೇಕು. ಎರಡು, ಅಳತೆ ಮೀರಿದ್ದು ತಂದವನಿಗೆ ಕಾಣಲಿಲ್ಲ, ಮನೆಯಲ್ಲಿದ್ದವಳಿಗೆ ಕಂಡಿತು. ಮಾರಯ್ಯ ಸಾಮಾನ್ಯನೇನಲ್ಲ, ದೊಡ್ಡ ಶರಣ. ಅಂಥವನಿಗೇ ತಪ್ಪಿದ್ದು ನಮಗೆ ತಪ್ಪುವುದಿಲ್ಲವೇ? ಆದ್ದರಿಂದ ದೊಡ್ಡ ಖರೀದಿಗೆ ಮುಂಚೆ ಕೇಳಬೇಕಾದದ್ದು ಮನೆಯ ಲಕ್ಕಮ್ಮನನ್ನು. ಕೆಲವರು ಗುಡ್ಡಕ್ಕೆ ಬಂದು ದೇವರನ್ನು ಕೇಳುತ್ತಾರೆ, ಹೆಂಡತಿಯನ್ನು ಮಾತ್ರ ಕೇಳುವುದಿಲ್ಲ. ಹೂವು ಬಲಕ್ಕೂ ಬೀಳಬಹುದು. ಹೆಂಡತಿಯ ಉತ್ತರ ಏನು ಅನ್ನೋದು ಮೊದಲೇ ಗೊತ್ತಿರುತ್ತದೆ, ಅದಕ್ಕೇ ಕೇಳುವುದಿಲ್ಲ.

ಪ್ರಸಾದ ಕೇಳುವುದು ತಪ್ಪೆಂದು ಹೇಳುತ್ತಿಲ್ಲ. ಎರಡೂ ದಾರಿ ಧರ್ಮದ್ದಾಗಿದ್ದು, ನಮ್ಮ ಬುದ್ಧಿಗೆ ತಿಳಿಯದಾಗ ದೇವರನ್ನು ಕೇಳಬೇಕು. ಬಾವಿ ಈ ಮೂಲೆಗೋ ಆ ಮೂಲೆಗೋ, ಈ ಸಂಬಂಧವೋ ಆ ಸಂಬಂಧವೋ ಅಂಥದ್ದನ್ನು ಕೇಳಲಿ. ಉತ್ತರ ತಿಳಿದೂ ಕೇಳಿದರೆ ನಮ್ಮ ಭಾರವನ್ನು ದೇವರ ತಲೆಗೆ ಕಟ್ಟಿದ ಹಾಗೆ. ನಾಳೆ ತಾಯಿ ಬಿದ್ದು ಕಾಲು ಮುರಿದರೆ "ದೇವರೇ ಹೂ ಕೊಟ್ಟಿದ್ದ" ಅನ್ನಲಿಕ್ಕೆ ಒಂದು ನೆಪ. ಆ ದಿನ ಪೂಜಾರಿ ಅಜ್ಜನವರು ಹೇಳಿದ್ದೂ ಇಷ್ಟೇ: "ತಮ್ಮಾ, ಇವತ್ತ ಹೂ ಏರಸೂದು ಬ್ಯಾಡ. ಮನಿಯಾಗ ಕೇಳು. ಅವ್ರೂ ಹ್ಞೂ ಅಂದ್ರ ಎಲ್ಲಾರೂ ಕೂಡಿ ಬರ್ರಿ, ಏರಸೋಣು."

ಮುಂದಿನ ಜಾತ್ರೆಗೆ ಆ ಭಕ್ತರು ತಾಯಿಯನ್ನು ಕರೆದುಕೊಂಡು ಬಂದಿದ್ದರು. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲು ಎಣಿಸುತ್ತಾ ಬಂದರು. ರೈಫಲ್ ಬೇರೆ ಯಾರಿಗೋ ಹೋಯಿತಂತೆ. "ಇನ್ನೂ ಕಣ್ಣಾಗ ಬರ್ತೈತ್ರಿ" ಅಂದರು. ಇದನ್ನು ಬರೆಯುವುದಕ್ಕೆ ಕಾರಣ ಇದೆ. ಒಳ್ಳೆಯದನ್ನು ಆರಿಸಿಕೊಂಡ ಕೂಡಲೆ ಆಶೆ ಮಾಯವಾಗುತ್ತದೆ ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ, ಹಾಗೆ ಆಗುವುದಿಲ್ಲ. ಆಶೆ ಇದ್ದೇ ಇರುತ್ತದೆ. ಅದು ಇರುವಾಗಲೇ ಕೈಯನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಸಂಯಮ ಅನ್ನುತ್ತಾರೆ. ಆಶೆಯೇ ಇಲ್ಲದವನಿಗೆ ಸಂಯಮದ ಕೆಲಸವೇನು?

ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ತಮ್ಮ ಆಯುಧಗಳನ್ನು ಬನ್ನಿಮರದಲ್ಲಿ ಇಟ್ಟರು. ಅರ್ಜುನನಿಗೆ ಗಾಂಡೀವದ ಮೇಲೆ ಪ್ರೀತಿ ಕಡಿಮೆಯಾಗಿತ್ತೇ? ಇಲ್ಲ. ಆ ವರ್ಷದ ಧರ್ಮ ಬೇರೆ ಇತ್ತು. ಐದು ಜನ ಅಣ್ಣತಮ್ಮಂದಿರು, ದ್ರೌಪದಿ ಸುರಕ್ಷಿತವಾಗಿ ವರ್ಷ ಕಳೆಯಬೇಕಾಗಿತ್ತು. ಅದಕ್ಕಾಗಿ ಮಹಾವೀರನೇ ಬಿಲ್ಲನ್ನು ಮರದ ಮೇಲಿಟ್ಟು ವಿರಾಟನ ಮನೆಯಲ್ಲಿ ಕುಣಿತ ಕಲಿಸಿದ. ದಸರೆಗೆ ನಾವು ಬನ್ನಿ ಹಂಚಿ ಬಂಗಾರದ ಹಾಗೆ ಇರೋಣ ಅನ್ನುವಾಗ ಆಯುಧ ಕೆಳಗಿಳಿಸಿದ ದಿನವನ್ನು ಮಾತ್ರ ನೆನೆಯುತ್ತೇವೆ, ಮೇಲಿಟ್ಟ ವರ್ಷವನ್ನು ಮರೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ಉತ್ತರ ಕೊಡದೆ ಹೋಗಬಾರದು. "ಸಂಸಾರದ ಖರ್ಚು ಎಂದಾದರೂ ಮುಗೀತೈತೇನ್ರಿ? ಮಕ್ಕಳ ಸಾಲಿ ಮುಗದ್ರ ಮದವಿ, ಮದವಿ ಮುಗದ್ರ ಬಾಣಂತನ. ಹಂಗಾದ್ರ ಮನುಷ್ಯ ಸಾಯುತನಕಾ ತನಗೊಂದು ಸುಖ ಪಡಬಾರದೇನು?" ಪಡಬೇಕು. ಎಲ್ಲವನ್ನೂ ಬಿಡು ಅನ್ನೋದು ಸಂನ್ಯಾಸಿಗೆ ಹೇಳಿದ ಮಾತು, ಸಂಸಾರಿಗೆ ಹೇಳಿದ್ದಲ್ಲ. ಎಲ್ಲ ಆಶೆ ಅದುಮಿಟ್ಟವನು ಕೊನೆಗೆ ಹೆಂಡತಿ ಮಕ್ಕಳ ಮೇಲೆ ಸಿಡಿಮಿಡಿ ಅನ್ನುತ್ತಾನೆ, ಅದೂ ಒಂದು ಹಿಂಸೆಯೇ. ಜೈನರು ಗೃಹಸ್ಥರಿಗೆ ಹೇಳಿದ್ದು ಪರಿಗ್ರಹದ ಪರಿಮಾಣ, ಅಂದರೆ ಇಷ್ಟೇ ಸಾಕು ಅಂತ ಮಿತಿ ಹಾಕಿಕೊಳ್ಳುವುದು.

ಅದಕ್ಕೊಂದು ಕ್ರಮ ಇಟ್ಟುಕೊಂಡರೆ ಸಾಕು. ಬಿಲ್ಲು ಬಂದ ದಿನ ಮನೆಯವರೆಲ್ಲ ಕೂತು ವಹಿ ಬರೆಯಿರಿ. ಮೊದಲು ಕಾಯಿಲೆ, ಆಮೇಲೆ ವಿದ್ಯೆ, ಆಮೇಲೆ ಸಾಲದ ಕಂತು, ಆಮೇಲೆ ಮುಂದಿನ ಬೆಳೆಗೆ ಬೀಜ ಗೊಬ್ಬರ. ದೇವರ ಹರಕೆ ಕೂಡ ಇವುಗಳ ನಂತರವೇ ಇರಲಿ. ದೇವಸ್ಥಾನದ ಕಾರ್ಯಾಲಯದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಆದರೂ ಹೇಳುತ್ತೇನೆ: ತಾಯಿಯ ಔಷಧದ ದುಡ್ಡನ್ನು ಹುಂಡಿಗೆ ಹಾಕಿದರೆ ಸ್ವಾಮಿಗೆ ಸಂತೋಷವಾಗುವುದಿಲ್ಲ. ಇಷ್ಟು ಆದ ಮೇಲೆ ಉಳಿದದ್ದರಲ್ಲಿ ಪ್ರತಿಯೊಬ್ಬರಿಗೂ ಅವರವರ ಖಯಾಲಿಗೆ ಸ್ವಲ್ಪ ತೆಗೆದಿಡಿ. ಯಜಮಾನನಿಗಷ್ಟೇ ಅಲ್ಲ, ಹೆಂಡತಿಗೂ, ತಾಯಿಗೂ. ಆ ಪಾಲು ಕೂಡುತ್ತಾ ಹೋಗಿ, ಪರವಾನಗಿಯೂ ಇದ್ದು, ಐದು ಹತ್ತು ವರ್ಷದ ಮೇಲೆ ಒಂದು ಬಂದೂಕು ಬಂದರೆ ಬರಲಿ. ಮನೆಯವರೇ ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳುತ್ತಾರೆ. ಮುಚ್ಚಿ ತಂದ ವಸ್ತುವನ್ನು ಮುಚ್ಚಿಯೇ ಇಡಬೇಕಾಗುತ್ತದೆ, ಅದರಲ್ಲಿ ಸುಖ ಎಲ್ಲಿಂದ ಬರಬೇಕು?

ಎರಡನೇದಾಗಿ, ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯ ತನಕ ಕಾಯಿರಿ. ಒಂದು ವರ್ಷ ಕಾದರೂ ಉಳಿಯುವ ಆಶೆ ಬೇರೆ, ಎಂಟು ದಿನಕ್ಕೆ ಆರಿಹೋಗುವ ಆಶೆ ಬೇರೆ. ಮೂರನೇದಾಗಿ, ನೋಡಿ ಸಂತೋಷಪಡುವುದನ್ನು ಕಲಿಯಿರಿ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಧುಮುಕುವುದನ್ನು ಮಳೆಗಾಲದಲ್ಲಿ ಸಾವಿರಾರು ಜನ ನೋಡಿ ಹೋಗುತ್ತಾರೆ, ಯಾರೂ ನೀರನ್ನು ಮನೆಗೆ ಒಯ್ಯುವುದಿಲ್ಲ. ಕಿತ್ತೂರಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಹಳೇ ಆಯುಧಗಳಿವೆ. ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಹೋಗಿ, ಇದು ಇಂಥವರ ಕಾಲದ್ದು ಅಂತ ತೋರಿಸಿ ಬನ್ನಿ.

ಈ ಲೇಖನ ಬಂದೂಕಿನ ಮೇಲೆ ಬರೆದದ್ದಾದರೂ ಬಂದೂಕಿಗಷ್ಟೇ ಸೇರಿದ್ದಲ್ಲ. ಒಬ್ಬರಿಗೆ ಶರ್ಯತ್ತಿನ ಎತ್ತು, ಒಬ್ಬರಿಗೆ ಬುಲೆಟ್ ಗಾಡಿ, ಇನ್ನೊಬ್ಬರಿಗೆ ದುಬಾರಿ ಮೊಬೈಲು, ಮತ್ತೊಬ್ಬರಿಗೆ ಗಳಸರಿ. ನಿಮ್ಮ ವಸ್ತುವಿನ ಹೆಸರು ಹಾಕಿಕೊಂಡು ಓದಿರಿ.

ಕೆಳಗೆ ಇಳಿಯುವಾಗ ಮೆಟ್ಟಿಲಿನ ಎರಡೂ ಕಡೆ ಅಂಗಡಿಗಳಿವೆ. ಮಕ್ಕಳಿಗೆ ಒಂದು ಆಟಿಕೆ, ಮನೆಗೆ ಪಾವು ಕಿಲೋ ಕರದಂಟು ಅವಶ್ಯ ತೆಗೆದುಕೊಳ್ಳಿರಿ, ಅದಕ್ಕೇನೂ ವಿಚಾರ ಮಾಡಬೇಕಿಲ್ಲ. ಬಿಸಿಲು ಏರುವ ಮುಂಚೆ ಇಳಿಯಿರಿ. ವಯಸ್ಸಾದವರನ್ನು ಕೈ ಹಿಡಿದು ಇಳಿಸಿರಿ. ಸ್ವಾಮಿಯ ಕೃಪೆ ತಮ್ಮೆಲ್ಲರ ಮನೆಯ ಮೇಲೆ ಇರಲಿ.